ಅರಸು ಮಿಂದ ಬಾವಿ

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ಆಚೆ ದಡಕ್ಕೂ ಸೇರದೆ ಈಚೆ ದಡಕ್ಕೂ ಸೇರದೆ ಬಿದ್ದುಕೊಂಡಿರುವ ನಡುಗಡ್ಡೆ ನಮ್ಮ ಕೇದಗೆಕುರ್ವೆ. ನಡುಗಡ್ಡೆಗೆ ನಮ್ಮ ಕಡೆ ಕುರ್ವೆ ಎನ್ನುತ್ತಾರೆ. ಅರವತ್ತು ಮನೆ, ಎಣಿಸಿದಷ್ಟೂ ಮುಗಿಯದ ತೆಂಗು, ಸುತ್ತಲೂ ಕೇದಗೆಯ ಮುಳ್ಳುಪೊದೆ, ನಾಲ್ಕನೇ ತರಗತಿಯವರೆಗೆ ಒಂದು ಶಾಲೆ. ಐದನೇ ತರಗತಿಗೆ ದೋಣಿ. ಜ್ವರಕ್ಕೆ ದೋಣಿ, ಬೆಂಕಿಪೊಟ್ಟಣಕ್ಕೆ ದೋಣಿ, ಮತ ಹಾಕುವುದಕ್ಕೂ ದೋಣಿ. ಊರಿನ ನಟ್ಟನಡುವೆ ಚಿರೆಕಲ್ಲಿನಲ್ಲಿ ಕಟ್ಟಿದ ಒಂದು ಬಾವಿಯಿದೆ. ಹನ್ನೊಂದು ಮೆಟ್ಟಿಲು, ಕನ್ನಡಿಯಂಥ ನೀರು, ಸುಡುಬೇಸಿಗೆಯಲ್ಲೂ ಕೈಗೆಟುಕುವಷ್ಟು ಮೇಲೆ. ನೋಡಲು ಬಂದವರು ‘ಅಬ್ಬಾ, ಕಡಲಿನ ನಡುವೆ ಇಂಥ ನೀರೇ!’ ಎಂದು ಬೆರಗಾಗಿ ಫೋಟೋ ತೆಗೆಯುತ್ತಾರೆ. ಪಕ್ಕದಲ್ಲಿ ಸರಕಾರದವರು ನೆಟ್ಟ ನೀಲಿ ಫಲಕವಿದೆ: ‘ಅರಸು ಮಿಂದ ಬಾವಿ. ಶ್ರೀಮನ್ಮಹಾರಾಜ ಚಂದ್ರಭಾನು ಭೂಪಾಲರು ಸ್ನಾನಗೈದು ಪಾವನಗೊಳಿಸಿದ ಐತಿಹಾಸಿಕ ತಾಣ. ಕಸ ಹಾಕಬೇಡಿ.’

ಈ ಫಲಕದಲ್ಲಿ ಕಸ ಹಾಕಬೇಡಿ ಎಂಬುದೊಂದು ಮಾತು ಸರಿಯಾಗಿದೆ. ಚಂದ್ರಭಾನು ಎಂಬುದು ನಮ್ಮ ನೆರೆಮನೆಯ ಹುಂಜದ ಹೆಸರು. ಬರೆದುಕೊಳ್ಳಲು ಬಂದಿದ್ದ ಮಹನೀಯರಿಗೆ ಇಳಿತದ ಮೊದಲೇ ದೋಣಿ ಹತ್ತುವ ಅವಸರವಿತ್ತು. ‘ಯಾವ ಅರಸು, ಬೇಗ ಹೇಳಿ’ ಎಂದರು. ಅದೇ ಹೊತ್ತಿಗೆ ಹುಂಜ ಬೇಲಿ ಹತ್ತಿ ಕೂಗಿತು. ನಾನು ಹೆಸರು ಹೇಳಿದೆ, ಅವರು ಬರೆದುಕೊಂಡರು. ಶ್ರೀಮನ್ಮಹಾರಾಜ ಮತ್ತು ಭೂಪಾಲ ಎಂಬ ಬಿರುದುಗಳನ್ನು ಅವರೇ ಸೇರಿಸಿದ್ದು, ಅದರಲ್ಲಿ ನನ್ನದಾಗಲಿ ಹುಂಜದ್ದಾಗಲಿ ತಪ್ಪಿಲ್ಲ. ನಿಜವಾದ ಹೆಸರನ್ನು ಯಾಕೆ ಹೇಳಲಿಲ್ಲ ಎಂದರೆ ಅದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ; ಗೊತ್ತಿರಬಾರದು ಎಂದು ಹಿಂದಿನವರೇ ತೀರ್ಮಾನ ಮಾಡಿದ್ದಾರೆ. ಫಲಕ ಓದಿದವರು ಅರಸು ಮಿಂದದ್ದು ಊರಿಗೆ ದೊಡ್ಡ ಮರ್ಯಾದೆ ಎಂದುಕೊಂಡು ಹೋಗುತ್ತಾರೆ. ನಾವು ಬಾವಿಯ ಆ ಹೆಸರನ್ನು ಹಲ್ಲು ಕಚ್ಚಿಕೊಂಡು ಹೇಳುತ್ತೇವೆ.

ಹಿಂದೆ ಒಮ್ಮೆ, ಈಗಿನ ತೆಂಗಿನಮರಗಳ ಅಜ್ಜನ ಅಜ್ಜ ಮೊಳಕೆಯಾಗಿದ್ದ ಕಾಲದಲ್ಲಿ, ಈ ಬಾವಿಗೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಇಡೀ ಕುರ್ವೆಗೆ ಇದ್ದದ್ದು ಒಂದೇ ಬಾವಿ. ಒಂದೇ ಇರುವುದಕ್ಕೆ ಹೆಸರು ಎಂತಕ್ಕೆ? ಸುತ್ತ ಉಪ್ಪು, ಕೆಳಗೂ ಉಪ್ಪು. ಮಳೆಗಾಲದಲ್ಲಿ ಸುರಿದ ನೀರು ಮರಳಿನೊಳಗೆ ಇಳಿದು ಆ ಉಪ್ಪುನೀರಿನ ಮೇಲೆ ತೆಳ್ಳಗೆ ಮಲಗಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಕೆನೆ ಬೇಕಾದವರು ಮೇಲಿನಿಂದ ನಯವಾಗಿ ತೆಗೆಯುತ್ತಾರೆ, ಪಾತ್ರೆಗೆ ಕೈ ಹಾಕಿ ಕಲಕುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಎದುರು ದಡದಿಂದ ದೋಣಿಗಟ್ಟಲೆ ಜೇಡಿಮಣ್ಣು ತಂದು, ಸುಟ್ಟ ಚಿಪ್ಪಿನ ಸುಣ್ಣ ಸೇರಿಸಿ, ಮೂರು ತಿಂಗಳು ತುಳಿದು ಬಾವಿಯ ತಳ ಮುಚ್ಚಿದ್ದರು. ಬದಿಯ ಮರಳಿನಿಂದ ಸಿಹಿನೀರು ಜಿನುಗಬೇಕು, ಬುಡದಿಂದ ಉಪ್ಪು ಏರಬಾರದು, ಅದು ಲೆಕ್ಕ. ಬೇಸಿಗೆಯಲ್ಲಿ ಸೊಂಟಮಟ್ಟದ ನೀರು ನಿಲ್ಲುತ್ತಿತ್ತು. ಹಗ್ಗವಿಲ್ಲ, ರಾಟೆಯಿಲ್ಲ. ಹೆಂಗಸರು ಮೆಟ್ಟಿಲಿಳಿದು ತೆಂಗಿನ ಕರಟದಿಂದ ಮೇಲಿನ ನೀರನ್ನು ಮೊಗೆಮೊಗೆದು ಕೊಡ ತುಂಬುತ್ತಿದ್ದರು. ಒಂದು ಕೊಡ ತುಂಬುವಷ್ಟರಲ್ಲಿ ಇಬ್ಬರು ಸೊಸೆಯಂದಿರು ತಮ್ಮತಮ್ಮ ಅತ್ತೆಯ ಕಥೆಯನ್ನು ಪೂರ್ತಿ ಹೇಳಿ ಮುಗಿಸಬಹುದಿತ್ತಂತೆ. ಬಾವಿಯಲ್ಲಿ ಕಾಲಿಡುವಂತಿಲ್ಲ, ಮೀಯುವ ಮಾತಂತೂ ಇಲ್ಲವೇ ಇಲ್ಲ.

ಯಾವ ಮನೆಗೆ ಎಷ್ಟು ಕೊಡ ಎಂದು ಹೇಳಲು ಒಬ್ಬಳು ಮುದುಕಿ ಇರುತ್ತಿದ್ದಳು. ಅವಳಿಗೆ ನೀರು ನೋಡುವವಳು ಎಂದು ಹೆಸರು. ಒಬ್ಬಳು ಸತ್ತರೆ ಇನ್ನೊಬ್ಬಳು. ಆ ಕಾಲಕ್ಕೆ ಇದ್ದವಳು ದೇಮಜ್ಜಿ. ಬೆಳಗಾದರೆ ಅವಳು ಮೆಟ್ಟಿಲಿಳಿದು ಮೂರು ಹನಿ ನೀರನ್ನು ನಾಲಗೆಯ ಮೇಲೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತು, ಮೇಲೆ ಬಂದು ಬೆರಳು ಎತ್ತುತ್ತಿದ್ದಳು. ಮೂರು ಬೆರಳೆಂದರೆ ಮನೆಗೆ ಮೂರು ಕೊಡ, ಎರಡೆಂದರೆ ಎರಡು. ಊರಗೌಡನ ಮನೆಯ ಮದುವೆಯ ದಿನವೂ ಎರಡೇ ಬೆರಳು ಎತ್ತಿ, ಬೀಗರು ಎಳನೀರಿನಲ್ಲಿ ಕೈ ತೊಳೆಯುವಂತೆ ಮಾಡಿದವಳು ಅವಳು. ಈ ಕೆಲಸಕ್ಕೆ ಕೂತವಳು ಉಪ್ಪು ತಿನ್ನಬಾರದು ಎಂಬುದು ಕಟ್ಟು. ಉಪ್ಪು ಮುಟ್ಟಿದ ನಾಲಗೆಗೆ ನೀರಿನೊಳಗಿನ ಕಳ್ಳ ಉಪ್ಪು ಸಿಕ್ಕುವುದಿಲ್ಲ. ದೇಮಜ್ಜಿ ಮೂವತ್ತು ವರ್ಷದಿಂದ ಸಪ್ಪೆ ಗಂಜಿ, ಸಪ್ಪೆ ಮೀನು, ಸಪ್ಪೆ ಬಳಚಿನ ಚಿಪ್ಪಿ ತಿಂದುಕೊಂಡು ಬಂದಿದ್ದಳು. ನಾಲ್ಕೂ ದಿಕ್ಕಿಗೆ ಉಪ್ಪು ಇರುವ ಊರಿನಲ್ಲಿ ಉಪ್ಪಿಲ್ಲದೆ ಮೂವತ್ತು ವರ್ಷ! ಅವಳ ಮಾತಿನಲ್ಲಿ ಅಷ್ಟು ಖಾರ ಯಾಕಿತ್ತು ಎಂದು ಇನ್ನು ಕೇಳಬೇಕಾಗಿಲ್ಲ.

ಕುರ್ವೆಯಲ್ಲಿ ಇನ್ನೊಂದು ಕಟ್ಟೂ ಇತ್ತು. ಉಪ್ಪುನೀರು ದಾಟಿ ಬಂದವರಿಗೆ ಸಿಹಿನೀರನ್ನು ಅಳೆದು ಕೊಡಬಾರದು, ಕೇಳಿದಷ್ಟು ಕೊಡಬೇಕು. ದಾರಿ ತಪ್ಪಿದ ಮೀನುಗಾರ, ಬಳೆ ಮಾರುವವನು, ಮಗಳನ್ನು ನೋಡಲು ಬಂದ ಬಡ ತಾಯಿ, ಇಂಥವರನ್ನು ನೆನೆದು ಒಳ್ಳೆಯ ಮನಸ್ಸಿನವರು ಮಾಡಿದ ಕಟ್ಟು ಅದು. ಮಾಡಿದವರಿಗೆ, ನೆಂಟನೆಂದರೆ ನಲವತ್ತು ಆಳುಗಳ ಜೊತೆಗೆ ಬರುವವನೂ ಇರಬಹುದು ಎಂದು ಹೊಳೆಯಲಿಲ್ಲ. ಬೇರೆ ಊರಿನವರಾದರೆ ಎರಡು ಕಟ್ಟುಗಳು ಎದುರುಬದುರಾದಾಗ ಯಾವುದೋ ಒಂದನ್ನು ಮೆಲ್ಲಗೆ ಬದಿಗೆ ಸರಿಸುತ್ತಿದ್ದರು. ನಮ್ಮವರು ಎರಡನ್ನೂ ಹಿಡಿದುಕೊಂಡು ನಿಂತರು. ಆದ ಕೇಡಿನ ಅರ್ಧ ಪಾಲು ನಮ್ಮದೇ ಎಂದು ನಾನು ಒಪ್ಪುತ್ತೇನೆ. ಇನ್ನರ್ಧದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಎದುರು ದಡದಲ್ಲಿ ಆಗ ಒಬ್ಬ ಪಾಳೆಯಗಾರನಿದ್ದ. ಅರಸು ಎಂದು ತನ್ನನ್ನು ತಾನೇ ಕರೆದುಕೊಂಡಿದ್ದ. ಬೆಳಿಗ್ಗೆ ಹೊರಟ ಎತ್ತು ಮಧ್ಯಾಹ್ನಕ್ಕೆ ದಾಟಿಬಿಡುವಷ್ಟು ಅವನ ಸೀಮೆ. ಅವನಿಗೆ ಮೈತುಂಬ ತುರಿ. ಬೆನ್ನಿಗೊಬ್ಬ, ಕಾಲಿಗೊಬ್ಬ ಎಂದು ಕೆರೆಯಲು ಇಬ್ಬರು ಆಳುಗಳಿದ್ದರಂತೆ. ಔಷಧವೆಲ್ಲ ಮುಗಿದ ಮೇಲೆ ಆಸ್ಥಾನದ ಜೋಯಿಸರು ಕವಡೆ ಹಾಕಿ, ‘ಉಪ್ಪಿನ ನಡುವಿನ ಸಿಹಿನೀರಿನಲ್ಲಿ ಒಂಬತ್ತು ದಿನ ಮೀಯಬೇಕು. ಎಂಟು ದಿನ ಎರೆದುಕೊಂಡು, ಒಂಬತ್ತನೆಯ ದಿನ ಕುತ್ತಿಗೆಮಟ್ಟ ನೀರಿನಲ್ಲಿ ನಿಲ್ಲಬೇಕು’ ಎಂದರು. ಜೋಯಿಸರಿಗೆ ಒಂಬತ್ತು ದಿನವಾದರೂ ಅವನ ಕಾಟ ತಪ್ಪಲಿ ಎಂಬ ಆಸೆಯಿತ್ತು ಎನ್ನುತ್ತಾರೆ. ಹಾಗೆ ಎನ್ನುವವನು ನಾನೊಬ್ಬನೇ ಎಂದು ನಮ್ಮ ಮನೆಯವರ ಅಭಿಪ್ರಾಯ. ಚೈತ್ರಮಾಸದಲ್ಲಿ, ನೀರು ಅತಿ ಕಡಿಮೆಯಿರುವ ಕಾಲ ನೋಡಿಕೊಂಡೇ, ಅರಸು ನಲವತ್ತು ಜನ, ಆರು ತಾಮ್ರದ ಹಂಡೆ, ಎರಡು ಕುದುರೆಗಳೊಂದಿಗೆ ಜೋಡಿ ದೋಣಿಯಲ್ಲಿ ಬಂದಿಳಿದ. ಆನೆಯೂ ಬಂದಿತ್ತು ಎನ್ನುವವರಿದ್ದಾರೆ. ಕಥೆಯನ್ನು ನಂಬುವ ಹಾಗಿರಲಿ ಎಂದು ಆನೆಯನ್ನು ನಾನು ದಡದಲ್ಲೇ ಬಿಟ್ಟಿದ್ದೇನೆ.

ಊರಗೌಡನ ಹೆಸರು ಜಟ್ಟು ಗೌಡ. ಒಳ್ಳೆಯ ಮನುಷ್ಯ, ಅದೇ ಅವನ ತೊಂದರೆ. ಅರಸು ಅವನನ್ನು ಕರೆದು, ತುರಿ ವಾಸಿಯಾದರೆ ಕುರ್ವೆಯಿಂದ ದಡಕ್ಕೆ ಒಂದು ಸಂಕ ಕಟ್ಟಿಸಿಕೊಡುತ್ತೇನೆ, ಗಟ್ಟಿ ಮರದ ಕಾಲುಸೇತುವೆ, ಎಂದು ಭಾಷೆ ಕೊಟ್ಟ. ಗೌಡ ಓಡುತ್ತ ದೇಮಜ್ಜಿಯ ಹಟ್ಟಿಗೆ ಬಂದ.

“ಒಂಬತ್ತೇ ದಿನ ದೇಮಕ್ಕಾ,” ಎಂದ.

“ಒಂಬತ್ತೇ ದಿನ ನೀನು ಮೂಗು ಹಿಡ್ಕಂಡು ಕೂತ್ಕ ನೋಡ್ವ.”

“ಸಂಕ ಕಟ್ಟಿಸ್ತಾರಂತೆ. ಅವರ ಬಾಯಲ್ಲೇ ಬಂತು.”

“ಆ ಬಾಯಿಗೆ ಸಂಕ ಒಂದೇ ಅಲ್ಲ, ಕೋಟೆನೂ ಬರ್ತದೆ. ಬಾಯಿಗೆ ಮರ ಕಡೀಬೇಕಾ, ಕಂಬ ಹುಗೀಬೇಕಾ?”

ಗೌಡ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತ. “ನನ್ನ ಮಗನಿಗೆ ಮೂವತ್ತಾಯ್ತು. ದಡದಲ್ಲಿ ಒಬ್ಬನೂ ಹೆಣ್ಣು ಕೊಡೂದಿಲ್ಲ. ಕುರ್ವೆಗೆ ಮಗಳನ್ನ ದೋಣಿ ಹತ್ತಿಸೂದೂ ಒಂದೇ, ಚಟ್ಟಕ್ಕೆ ಹತ್ತಿಸೂದೂ ಒಂದೇ ಅಂತಾರೆ. ಊರಲ್ಲಿ ಇಪ್ಪತ್ಮೂರು ಗಂಡುಗಳು ಹೀಗೇ ಮುದಿಯಾಗ್ತಾ ಕೂತಿದಾವೆ. ಸಂಕ ಒಂದಾದ್ರೆ ಊರು ಉಳೀತದೆ ದೇಮಕ್ಕಾ. ಇಲ್ದಿದ್ರೆ ನನ್ನ ನಂತರ ಇಲ್ಲಿ ಕೇದಗೆ ಮಾತ್ರ ಇರೂದು.”

ದೇಮಜ್ಜಿಗೆ ಇದು ಸುಳ್ಳಲ್ಲ ಎಂದು ಗೊತ್ತಿತ್ತು. ಅವಳ ಸ್ವಂತ ಮೊಮ್ಮಗನೂ ಆ ಇಪ್ಪತ್ತಮೂರರಲ್ಲಿ ಒಬ್ಬ. ಆದರೂ ಅವಳು ಕೇಳಿದಳು: “ಸಂಕ ಬಂದು ನೀರು ಹೋದ್ರೆ, ಬಂದ ಸೊಸೆ ಎಂತ ಕುಡೀತಾಳೆ? ನಿನ್ನ ಮುಂಡಾಸು ಹಿಂಡಿ ಕುಡೀತಾಳಾ?” ಗೌಡ ಊರಿನ ಕಟ್ಟನ್ನು ಹಿಡಿದುಕೊಂಡ. ಉಪ್ಪುನೀರು ದಾಟಿ ಬಂದವರಿಗೆ ಅಳೆದು ಕೊಡಬಾರದು ಎಂದ. ಆ ಮಾತಿಗೆ ಅವಳೂ ಕಟ್ಟುಬಿದ್ದವಳೇ. ಕೈ ಬೀಸಿ ಒಳಗೆ ಹೋದಳು.

ಮೊದಲ ದಿನವೇ ಅರಸಿನ ಆಳುಗಳು ಕರಟ ನೋಡಿ ನಕ್ಕರು. ಬಾವಿಯ ಬಾಯಿಗೆ ಎರಡು ಕಂಬ ನೆಟ್ಟು, ರಾಟೆ ಕಟ್ಟಿ, ಹಂಡೆ ಇಳಿಬಿಟ್ಟರು. ಅರಸು ಮಿಂದ. ಮಿಂದವನ ಮೈ ಒರೆಸಿದವರು ಮಿಂದರು. ಕುದುರೆಗಳನ್ನು ತೊಳೆದರು, ಹಂಡೆಗಳನ್ನು ತೊಳೆದರು, ಹಂಡೆ ತೊಳೆದ ಜಾಗವನ್ನೂ ತೊಳೆದರು. ದಡದಲ್ಲಿ ಹೊಳೆಯೇ ಹರಿಯುವವರಿಗೆ ನೀರೆಂದರೆ ಸುರಿಯುವ ವಸ್ತು. ಮರುದಿನ ದೇಮಜ್ಜಿ ಎರಡು ಬೆರಳು ಎತ್ತಿದಳು. ನಾಲ್ಕನೆಯ ದಿನ ಒಂದು. ಆರನೆಯ ದಿನ ಮೆಟ್ಟಿಲು ಹತ್ತಿ ಬಂದವಳು ಮುಷ್ಟಿಯನ್ನು ಹಾಗೆಯೇ ಎತ್ತಿ ಹಿಡಿದಳು. ಕೊಡ ಹಿಡಿದು ನಿಂತಿದ್ದ ಹೆಂಗಸರು ಬರಿಗೊಡ ಹೊತ್ತು ಹಿಂತಿರುಗಿದರಂತೆ. ಅವತ್ತು ಊರು ಎಳನೀರಿನಲ್ಲಿ ಅನ್ನ ಬೇಯಿಸಿತು. ಅರಸಿನ ಬಿಡಾರದ ಮುಂದೆ ಧೂಳು ಏಳದಿರಲಿ ಎಂದು ಆಳುಗಳು ನೀರು ಚಿಮುಕಿಸುತ್ತಿದ್ದರು.

ದೇಮಜ್ಜಿ ನೇರವಾಗಿ ಬಿಡಾರಕ್ಕೆ ಹೋದಳು. “ಒಡಿಯಾ, ನೀರು ಉಪ್ಪಿಗೆ ತಿರುಗ್ತಾ ಉಂಟು. ಇವತ್ತಿಗೆ ನಿಲ್ಸಿ,” ಎಂದಳು. ಅರಸು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಮಗೆ ಇಷ್ಟು ಉರಿಯುತ್ತಿರಲಿಲ್ಲವೋ ಏನೋ. ಅವನು ನಕ್ಕು, ಒಂದು ಲೋಟ ತರಿಸಿ, ತಾನು ಕುಡಿದು, ಜೋಯಿಸರಿಗೆ ಕುಡಿಸಿ, ಅಡಿಗೆಯವನಿಗೂ ಕುಡಿಸಿದ. ಮೂವರೂ ಬೆಲ್ಲದ ಹಾಗಿದೆ ಎಂದರು. ಮೂವರೂ ಆಗಷ್ಟೇ ಒಣಮೀನು, ಉಪ್ಪಿನಕಾಯಿ ಹಾಕಿಕೊಂಡು ಉಂಡು ಎದ್ದವರು. “ಮುದುಕೀ, ನಿನ್ನ ನಾಲಗೆಗೆ ವಯಸ್ಸಾಯ್ತು,” ಎಂದ ಅರಸು.

“ಹೌದು ಒಡಿಯಾ. ನೀವು ತೊಟ್ಟಿಲಲ್ಲಿ ಉಚ್ಚೆ ಹೊಯ್ಯುವಾಗಿಂದ ಅದು ಈ ನೀರನ್ನೇ ನೋಡ್ತಾ ಉಂಟು,” ಎಂದಳು ದೇಮಜ್ಜಿ. ಗೌಡ ನಡುವೆ ಬಂದು ಕಾಲಿಗೆ ಬೀಳದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಎನ್ನುತ್ತಾರೆ.

ಎಂಟನೆಯ ದಿನ ಜೋಯಿಸರು ಬಾವಿಯಲ್ಲಿ ಇಣುಕಿ ನೋಡಿದರು. ನಾಳೆ ಕುತ್ತಿಗೆಮಟ್ಟ ನೀರು ಬೇಕು, ಇರುವುದು ಮೊಣಕಾಲಿಗೆ. ಹಾರೆ, ಪಿಕಾಸಿ ಹಿಡಿದ ಆರು ಜನರನ್ನು ತಳ ತೋಡಲು ಕಳಿಸಿದರು. ದೇಮಜ್ಜಿ ತನ್ನ ಚಾಪೆ ತಂದು ಐದನೆಯ ಮೆಟ್ಟಿಲಿಗೆ ಹಾಸಿ, ದಾರಿಗೆ ಅಡ್ಡ ಕೂತಳು. ತಳದಲ್ಲಿ ಜೇಡಿ ಉಂಟು, ಅದು ಒಡೆದರೆ ಕಡಲೇ ಮೇಲೆ ಬರ್ತದೆ ಎಂದು ಕೂಗಿ ಹೇಳಿದಳು. ಆಳುಗಳಿಗೆ ಮುದುಕಿಯನ್ನು ಹೊಡೆಯುವ ಮನಸ್ಸಿರಲಿಲ್ಲ. ಚಾಪೆಯ ನಾಲ್ಕು ಮೂಲೆ ಹಿಡಿದು ಎತ್ತಿ, ಬಾವಿಯಿಂದ ಹೊರಗೆ, ಹುಣಸೆಮರದ ನೆರಳಿನಲ್ಲಿ, ಬಹಳ ಜೋಪಾನವಾಗಿ ಇಳಿಸಿದರು. ಊರಿಗೆ ಊರೇ ಸುತ್ತ ನಿಂತಿತ್ತು. ಗಂಡಸರು ಗೌಡನ ಮುಖ ನೋಡಿದರು, ಗೌಡ ಎದುರು ದಡ ನೋಡಿದ. ಅಲ್ಲಿಂದ ಇಲ್ಲಿಗೆ ಸಂಕದ ಕಂಬಗಳನ್ನು ಅವನು ಮನಸ್ಸಿನಲ್ಲೇ ಒಂದೊಂದಾಗಿ ನೆಡುತ್ತಿದ್ದನಂತೆ. ಕೆಳಗೆ ಹಾರೆ ಬಿದ್ದ ಸದ್ದು ಮೊದಲು ಟಣ್ ಟಣ್ ಎಂದು ಕೇಳಿಸಿತು. ಆಮೇಲೆ ಪಚಕ್ ಎಂದಿತು. ಮೂರು ತಿಂಗಳು ತುಳಿದು ಕೂರಿಸಿದ್ದು ಅರ್ಧ ದಿನಕ್ಕೆ ಹೋಯಿತು. ನೀರು ಭರಭರನೆ ಏರಿತು. ಜೋಯಿಸರು ಗಂಗೆ ಉಕ್ಕಿದಳು ಎಂದು ಕೈಮುಗಿದರು.

ಒಂಬತ್ತನೆಯ ದಿನ ಬೆಳಿಗ್ಗೆ ಕೊಂಬು ಊದಿಸಿ, ಮಂತ್ರ ಹೇಳಿಸಿ, ಅರಸು ಮೆಟ್ಟಿಲಿಳಿದು ಕುತ್ತಿಗೆಮಟ್ಟ ನೀರಿನಲ್ಲಿ ನಿಂತ. ಮೊದಲು ಮುಗುಳ್ನಕ್ಕ. ಆಮೇಲೆ ಹುಬ್ಬು ಗಂಟಾಯಿತು. ಆಮೇಲೆ ಮುಖ ಕೇದಗೆಯ ಹಣ್ಣಿನ ಹಾಗೆ ಕೆಂಪಾಯಿತು. ಇಬ್ಬರು ಆಳುಗಳು ವರ್ಷಗಟ್ಟಲೆ ಕೆರೆದ ಮೈ ಅದು, ತುಂಬ ಹಸಿಗಾಯ. ಸುತ್ತ ಇದ್ದದ್ದು ಅಪ್ಪಟ ಉಪ್ಪುನೀರು. ಹನ್ನೊಂದು ಮೆಟ್ಟಿಲನ್ನು ಮೂರು ನೆಗೆತಕ್ಕೆ ಹತ್ತಿ ಹೊರಗೆ ಬಂದು ಬಿದ್ದ. ಉಟ್ಟದ್ದು ನೀರಿನಲ್ಲೇ ಉಳಿಯಿತು ಎನ್ನುತ್ತಾರೆ. ಇದನ್ನು ನಾನು ನೋಡಿಲ್ಲ, ಆದರೆ ಬಿಟ್ಟುಕೊಡಲು ಸಿದ್ಧನಿಲ್ಲ. ಬೇರೆ ದಿನವಾಗಿದ್ದರೆ ಇಡೀ ಕುರ್ವೆ ನಕ್ಕು ನಕ್ಕು ಹೊಳೆಗೆ ಬೀಳುತ್ತಿತ್ತು. ಅವತ್ತು ಯಾರೂ ನಗಲಿಲ್ಲ. ದೇಮಜ್ಜಿ ಎದ್ದು ಬಂದು, ಮೆಟ್ಟಿಲ ಮೇಲೆ ಚೆಲ್ಲಿದ್ದ ನೀರಿಗೆ ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಮೂವತ್ತು ವರ್ಷದ ಮೇಲೆ ಅವಳ ನಾಲಗೆಗೆ ಬಿದ್ದ ಮೊದಲ ಉಪ್ಪು ಅದು. ಥೂ ಎಂದು ಉಗಿದಳು. ಯಾರ ಕಡೆಗೆ ಉಗಿದಳು ಎಂಬುದರಲ್ಲಿ ನಾಲ್ಕು ಅಭಿಪ್ರಾಯಗಳಿವೆ. ಗೌಡನ ಕಡೆಗೆ ಎಂಬುದೂ ಅದರಲ್ಲಿ ಒಂದು.

“ಬಾವಿಗೆ ಉಪ್ಪು ಸುರಿದಿದ್ದೀರಿ!” ಎಂದು ಅರಸು ಅಬ್ಬರಿಸಿದ. ಜೋಯಿಸರು ಹೌದು ಎಂದರು. ಅಡಿಗೆಯವನು ತಾನು ಕಣ್ಣಾರೆ ನೋಡಿದೆ ಎಂದ. ತಮ್ಮ ಒಂದೇ ಬಾವಿಗೆ, ತಮ್ಮ ಕೈಯಾರೆ, ಕುಡಿಯುವ ನೀರಿಗೆ ಉಪ್ಪು ಸುರಿದುಕೊಂಡ ಊರು! ಇಂಥ ಮಾತನ್ನು ನಂಬಲು ಅರಸೇ ಆಗಿರಬೇಕು. ಬಿಡಾರ ಕಿತ್ತರು, ಹಂಡೆ ಎತ್ತಿದರು, ಕುದುರೆ ಹತ್ತಿಸಿದರು. ದೋಣಿ ಬಿಡುವ ಹೊತ್ತಿಗೆ ಜಟ್ಟು ಗೌಡ ಸೊಂಟಮಟ್ಟ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡ. ಮುಂಡಾಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. “ಒಡಿಯಾ, ಸಂಕ?” ಎಂದ. ಊರೆಲ್ಲ ದಡದಲ್ಲಿ ನಿಂತು ಕೇಳುತ್ತಿತ್ತು. ಅರಸು ಮೈ ಕೆರೆದುಕೊಳ್ಳುತ್ತ, “ಈಜಿಕೊಂಡು ಬನ್ನಿ,” ಎಂದ.

ಒಂದು ಪಕ್ಷ ಕಳೆಯಿತು. ಬಾವಿ ತುಂಬಿ ನಿಂತಿತ್ತು, ಕುಡಿಯಲು ಹನಿಯಿಲ್ಲ. ಎಳನೀರು ಮುಗಿಯುತ್ತ ಬಂತು. ದಡದಿಂದ ನೀರು ತರಲು ಹೋದವರನ್ನು ಅರಸಿನ ಕಾವಲಿನವರು ಹೊಳೆಯ ಬದಿಯಲ್ಲೇ ತಡೆದು, ಬೇಕಿದ್ದರೆ ಬಂದು ನಮ್ಮ ಗದ್ದೆಯಲ್ಲಿ ಆಳಾಗಿ ಇರಿ, ಆಗ ನೀರು ಕುಡಿಯಿರಿ ಎಂದರು. ಹದಿನೇಳು ಮನೆಯವರು ಗಂಟು ಕಟ್ಟಿ ದೋಣಿಯಲ್ಲಿ ಕೂತರು. ಮೊದಲ ದೋಣಿಯಲ್ಲಿ ಜಟ್ಟು ಗೌಡನೇ ಇದ್ದ. ಮುಖ ಎತ್ತುತ್ತಿರಲಿಲ್ಲ. ದೇಮಜ್ಜಿ ಕೋಲೂರಿಕೊಂಡು ಬಂದು ದೋಣಿಯ ಎದುರು ನಿಂತಳು.

“ಇಳಿ ಜಟ್ಟು.”

“ಯಾವ ಮುಖ ಇಟ್ಕಂಡು ಇಳೀಲಿ ದೇಮಕ್ಕಾ?”

“ಮುಖ ಅಲ್ಲೇ ಬಿಡು, ಕೈ ಸಾಕು. ನೀರು ಕಳೆದವನು ನೀನು. ಹುಡುಕೂದೂ ನೀನೇ. ಗುದ್ದಲಿ ತಗ.”

ಅವನು ಇಳಿದ. ಉಳಿದವರು ಗಂಟಿನ ಮೇಲೆ ಕೂತುಕೊಂಡೇ ನೋಡಿದರು. ದೇಮಜ್ಜಿ ಅವನನ್ನು ಮರಳದಿಬ್ಬದ ಹಿಂದೆ, ಕೇದಗೆಯ ಬೇರು ದಟ್ಟವಾಗಿ ಹೆಣೆದುಕೊಂಡಿದ್ದ ಕಡೆಗೆ ಕರೆದುಕೊಂಡು ಹೋಗಿ, ಒಂದು ಜಾಗ ತೋರಿಸಿ ತೋಡು ಎಂದಳು. ಒಂದು ಗೇಣಿಗೆ ಮರಳು ತಣ್ಣಗಾಯಿತು. ಎರಡು ಗೇಣಿಗೆ ಒದ್ದೆಯಾಯಿತು. ಇನ್ನೂ ಸ್ವಲ್ಪಕ್ಕೆ ಒಂದು ಕರಟದಷ್ಟು ನೀರು ಮೆಲ್ಲಗೆ ಬಂದು ಕೂತಿತು. ದೇಮಜ್ಜಿ ಮೂರು ಹನಿ ನಾಲಗೆಗೆ ಬಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಒಂದು ಬೆರಳು ಎತ್ತಿದಳು. ಜಟ್ಟು ಗೌಡ ಅಳುತ್ತ, ನಗುತ್ತ, ಗುದ್ದಲಿ ಎತ್ತಿ ಗುಂಡಿಯನ್ನು ದೊಡ್ಡದು ಮಾಡಲು ಹೊರಟ. ಅವಳು ಕೋಲಿನಿಂದ ಅವನ ಮಣಿಕಟ್ಟಿಗೆ ಒಂದು ಬಿಗಿದಳು.

“ಸಾಕು! ಇನ್ನೊಂದು ಮೊಳ ಅಗಲ ಮಾಡಿದ್ರೆ ಅದ್ರೊಳಗೆ ಅರಸಿನ ಮೈ ಹಿಡೀತದೆ.”

ಅವತ್ತು ಅವಳು ಊರಿನವರನ್ನೆಲ್ಲ ಆ ದೊಡ್ಡ ಬಾವಿಯ ಸುತ್ತ ನಿಲ್ಲಿಸಿ ಮೂರು ಮಾತು ಹೇಳಿದಳು ಎನ್ನುತ್ತಾರೆ. ಇನ್ನು ಮೇಲೆ ಊರಿಗೊಂದು ಬಾವಿ ಬೇಡ, ಮನೆಗೊಂದು ಗುಂಡಿ ಇರಲಿ. ಒಬ್ಬ ಬಂದು ಒಂದು ಸಲಕ್ಕೆ ಕೆಡಿಸುವ ಹಾಗೆ ಯಾವುದೂ ಇರಬಾರದು. ನೀರು ನೋಡುವವಳೂ ಇನ್ನು ಬೇಡ. ಪ್ರತಿ ಮನೆಯವರೂ ಅವರವರ ನೀರನ್ನು ಅವರೇ ನಾಲಗೆಗೆ ಬಿಟ್ಟು ನೋಡಿಕೊಳ್ಳಲಿ. ಮೂರನೆಯದು ಬಾವಿಯ ಹೆಸರು. “ಇದಕ್ಕೆ ಹೆಸರಿರಲಿಲ್ಲ. ಈಗ ಇಡ್ತೇನೆ. ಅರಸು ಮಿಂದ ಬಾವಿ. ಅವನ ಹೆಸರನ್ನ ಮಾತ್ರ ಯಾರೂ ಬಾಯಲ್ಲಿ ತರಬೇಡಿ. ಹೆಸರು ಹೇಳಿದ್ರೆ ಸತ್ತ ಮೇಲೂ ಉಳೀತಾನೆ. ಮಾಡಿದ್ದನ್ನ ಹೇಳಿ, ಅಷ್ಟೇ ಉಳೀಲಿ,” ಎಂದಳು. ಹದಿನೇಳು ಮನೆಗಳಲ್ಲಿ ಹದಿನಾಲ್ಕು ಮನೆಯವರು ಗಂಟು ಬಿಚ್ಚಿದರು. ಮೂರು ಮನೆಯವರು ಹೋದರು, ಅವರನ್ನು ಯಾರೂ ಬೈಯಲಿಲ್ಲ. ಆ ಮಧ್ಯಾಹ್ನ ದೇಮಜ್ಜಿ ಗೌಡನ ಮನೆಯಲ್ಲಿ ಉಪ್ಪು ಹಾಕಿದ ಗಂಜಿ ಉಂಡಳು. ಎರಡನೆಯ ಸಲ ಬಡಿಸಿಕೊಂಡಳಂತೆ.

ಸಂಕ ಇವತ್ತಿಗೂ ಆಗಿಲ್ಲ. ನನಗೆ ಬುದ್ಧಿ ಬಂದ ಮೇಲೆ ಏಳು ಸಲ ಅಳತೆ ಮಾಡಿದ್ದಾರೆ. ಏಳು ಸಲವೂ ಹೊಳೆ ಅಷ್ಟೇ ಅಗಲ ಇದೆ, ಏಳು ಸಲವೂ ಅಧಿಕಾರಿಗಳಿಗೆ ಅದು ಹೊಸ ಸುದ್ದಿ. ಹೆಣ್ಣು ಕೊಡುವವರು ಈಗಲೂ ಹಿಂದೆಮುಂದೆ ನೋಡುತ್ತಾರೆ. ಅರಸು ಮಿಂದ ಬಾವಿಯ ನೀರನ್ನು ದನವೂ ಮೂಸುವುದಿಲ್ಲ. ಫೋಟೋ ತೆಗೆದವರು ಒಂದು ಬೊಗಸೆ ಕುಡಿದು ನೋಡಬೇಕೆಂದರೆ ನಾನು ಬೇಡ ಎನ್ನುವುದಿಲ್ಲ. ಅವರ ಮುಖ ನೋಡುವ ಸುಖ ಈ ಊರಿನಲ್ಲಿ ಪುಕ್ಕಟೆ ಸಿಗುವ ನಾಲ್ಕಾರು ಸುಖಗಳಲ್ಲಿ ಒಂದು. ಮೊನ್ನೆ ಚೈತ್ರದಲ್ಲಿ ಎದುರು ದಡದಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಕುರ್ವೆಯ ತುದಿಯಲ್ಲಿ ರೆಸಾರ್ಟ್ ಮಾಡುವವರಿದ್ದಾರೆ, ಈಜುಕೊಳಕ್ಕೆ ನೀರು ಬೇಕು, ಊರಿಗೂ ಅನುಕೂಲ, ಸಂಕಕ್ಕೂ ಶಿಫಾರಸು ಮಾಡೋಣ ಎಂದರು. ಮರಳದಿಬ್ಬದ ಹಿಂದೆ, ಹೆಣೆದ ತೆಂಗಿನ ಮಡಲು ಮುಚ್ಚಿದ್ದ ಅರವತ್ತು ಗುಂಡಿಗಳನ್ನು ನೋಡಿ ಅವರಿಗೆ ಕನಿಕರ ಬಂತು. “ಇದೆಂಥ ಬಾವಿ ಅಮ್ಮ, ಇಲಿ ಬಿಲದ ಹಾಗೆ? ಸಿಮೆಂಟ್ ರಿಂಗ್ ಇಳಿಸಿ ಅಗಲ ಮಾಡೋಣ. ಮೋಟಾರ್ ಕೂರಿಸೋಣ,” ಎಂದರು.

ಅವರು ಬೆರಳು ತೋರಿಸಿದ ಗುಂಡಿಯ ಒಡತಿ ಬೇಲಿಮನೆಯ ಶಿವಿಯಕ್ಕ ಅವರನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. “ಅಗಲ ಮಾಡೂದು ಆಮೇಲಾಯ್ತು ಸಾಹೇಬ್ರೇ. ಬಿಸಿಲಲ್ಲಿ ಬಂದಿದ್ದೀರಿ, ಮೊದ್ಲು ಬಾಯಾರಿಕೆಗೆ ಕುಡೀರಿ,” ಎಂದು ಮಡಲು ಸರಿಸಿ, ಅವರ ಕೈಗೆ ಕರಟ ಕೊಟ್ಟಳು. ಅವರು ಬಗ್ಗಿದರು, ಎಟುಕಲಿಲ್ಲ. ಕುಕ್ಕರುಗಾಲಿನಲ್ಲಿ ಕೂತರು, ಎಟುಕಲಿಲ್ಲ. ಕೊನೆಗೆ ಬೂಟು ಕಳಚಿಟ್ಟು, ಒಗೆದ ಪ್ಯಾಂಟಿನಲ್ಲೇ ಮರಳಿನ ಮೇಲೆ ಮಂಡಿಯೂರಿ, ಒಂದು ಕೈ ನೆಲಕ್ಕೆ ಊರಿ, ತಲೆ ತಗ್ಗಿಸಿದ ಮೇಲೆ ನೀರು ಸಿಕ್ಕಿತು. ಕುರ್ವೆಯಲ್ಲಿ ಕುಡಿಯುವ ನೀರಿಗೆ ಇದೊಂದೇ ದಾರಿ, ಬಂದವರು ಈಗಲೂ ನೋಡಬಹುದು. ಅಧಿಕಾರಿಯಾದರೂ ಹಾಗೆಯೇ ಕುಡಿಯಬೇಕು, ಅರಸಾದರೂ ಹಾಗೆಯೇ.